ಗೇರ್‌ಬಾಕ್ಸ್ ಇಳಿಸುವ ಮೊದಲು: ಹಳೆಯ ಸ್ಪೋರ್ಟ್ಸ್ ಕಾರಿನ ಹೈಡ್ರಾಲಿಕ್ ಕ್ಲಚ್

ಕ್ಲಚ್ ಪೆಡಲ್ ಒತ್ತಿದರೆ ತಡೆಯೇ ಇಲ್ಲದಂತೆ ನೆಲ ಮುಟ್ಟುತ್ತದೆ. ಎಂಜಿನ್ ಆಫ್ ಇದ್ದಾಗ ಎಲ್ಲ ಗೇರೂ ಸಲೀಸಾಗಿ ಬೀಳುತ್ತವೆ. ಸ್ಟಾರ್ಟ್ ಮಾಡಿದ ಮೇಲೆ ಫಸ್ಟ್‌ಗೆ ಹಾಕಹೋದರೆ ಕರ್ರೆನ್ನುತ್ತದೆ, ರಿವರ್ಸ್ ಅಂತೂ ಬೀಳುವುದೇ ಇಲ್ಲ. ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯ ಬಾಡಿಗೆ ಶೆಡ್ಡಿನಲ್ಲೋ ಮಳೆಗಾಲವಿಡೀ ಕವರ್ ಹೊದ್ದು ನಿಂತ ಹಳೆಯ ಸ್ಪೋರ್ಟ್ಸ್ ಕಾರು ಹೊರಗೆ ಬರುವ ದಿನ ತೋರಿಸುವ ಲಕ್ಷಣ ಬಹುಮಟ್ಟಿಗೆ ಇದೇ. ಗ್ಯಾರೇಜಿಗೆ ಫೋನ್ ಮಾಡಿದರೆ ಸಿಗುವ ಉತ್ತರವೂ ಬಹುಮಟ್ಟಿಗೆ ಒಂದೇ: "ಕ್ಲಚ್ ಹೋಗಿದೆ ಸಾರ್, ಗೇರ್‌ಬಾಕ್ಸ್ ಇಳಿಸಬೇಕು."

ಇಷ್ಟು ಬೇಗ ಒಪ್ಪಿಕೊಳ್ಳಬೇಡಿ. 1962ರಿಂದ 1980ರವರೆಗೆ ತಯಾರಾದ ಬ್ರಿಟನ್ನಿನ ಎಂಜಿಬಿ ಕಾರನ್ನೇ ನೋಡಿ. ಅದರಲ್ಲಿ ಗೇರ್‌ಬಾಕ್ಸ್ ಒಂದನ್ನೇ ಕೆಳಗಿನಿಂದ ಇಳಿಸಲು ಜಾಗವಿಲ್ಲ. ರೇಡಿಯೇಟರ್ ಬಿಚ್ಚಿ, ಎಂಜಿನ್ನು ಗೇರ್‌ಬಾಕ್ಸು ಎರಡನ್ನೂ ಒಟ್ಟಿಗೆ ಚೈನ್ ಬ್ಲಾಕ್ ಹಾಕಿ ಮೇಲೆತ್ತಬೇಕು. ಅಷ್ಟೆಲ್ಲ ಮಾಡಿ ಹೊಸ ಕ್ಲಚ್ ಪ್ಲೇಟ್ ಹಾಕಿ ಮತ್ತೆ ಕೂರಿಸಿದ ಮೇಲೂ ಪೆಡಲ್ ನೆಲಕ್ಕೇ ಇಳಿದರೆ? ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದೊಂದು ರಬ್ಬರ್ ಸೀಲ್ ಸೋತಿದ್ದಕ್ಕೆ ಇಡೀ ಎಂಜಿನ್ ಹೊರಗೆ ಬಂದಂತಾಯಿತು. ಹೈಡ್ರಾಲಿಕ್ ಕ್ಲಚ್ಚಿನ ದೋಷವನ್ನು ಹುಡುಕುವುದಕ್ಕೆ ಒಂದು ಕ್ರಮವಿದೆ: ಪೆಡಲ್‌ನಿಂದ ಶುರುಮಾಡಿ ಕೆಳಗಿಳಿಯುತ್ತ ಹೋಗಬೇಕು, ಅಗ್ಗದ ಭಾಗವನ್ನು ಮೊದಲು ನೋಡಬೇಕು, ಊಹೆಯ ಬದಲು ಅಳತೆ ಹಿಡಿಯಬೇಕು. ಒಂದು ಸ್ಟೀಲ್ ಸ್ಕೇಲು, ಒಂದು ಟಾರ್ಚು, ಪೆಡಲ್ ಒತ್ತಲು ಇನ್ನೊಬ್ಬರು ಇದ್ದರೆ ಅರ್ಧ ಗಂಟೆಯಲ್ಲಿ ಮುಕ್ಕಾಲು ಪಾಲು ಉತ್ತರ ಸಿಗುತ್ತದೆ.

ಎಂಟು ಮಿಲಿಲೀಟರ್ ಎಣ್ಣೆ

ಮಾರುತಿ 800, ಹಳೆಯ ಝೆನ್‌ನಂಥ ಕಾರುಗಳಲ್ಲಿ ಕ್ಲಚ್ ಕೆಲಸ ಮಾಡುವುದು ಕೇಬಲ್‌ನಿಂದ. ಹೈಡ್ರಾಲಿಕ್ ವ್ಯವಸ್ಥೆಯಲ್ಲಿ ಆ ಕೇಬಲ್ಲಿನ ಕೆಲಸವನ್ನು ಬ್ರೇಕ್ ಆಯಿಲ್ ಮಾಡುತ್ತದೆ. ಪೆಡಲ್ ಪಕ್ಕದಲ್ಲಿ ಮಾಸ್ಟರ್ ಸಿಲಿಂಡರ್, ಗೇರ್‌ಬಾಕ್ಸ್ ಪಕ್ಕದಲ್ಲಿ ಸ್ಲೇವ್ ಸಿಲಿಂಡರ್, ಎರಡರ ನಡುವೆ ಒಂದು ಲೋಹದ ಪೈಪು, ಕೊನೆಯಲ್ಲಿ ಒಂದು ತುಂಡು ರಬ್ಬರ್ ಹೋಸು. ಪೆಡಲ್ ಒತ್ತಿದಾಗ ಮಾಸ್ಟರ್‌ನ ಪಿಸ್ಟನ್ ಎಣ್ಣೆಯನ್ನು ತಳ್ಳುತ್ತದೆ, ಎಣ್ಣೆ ಸ್ಲೇವ್‌ನ ಪಿಸ್ಟನ್ ತಳ್ಳುತ್ತದೆ, ಅದು ಫೋರ್ಕನ್ನು, ಫೋರ್ಕು ರಿಲೀಸ್ ಬೇರಿಂಗನ್ನು, ಬೇರಿಂಗು ಪ್ರೆಶರ್ ಪ್ಲೇಟನ್ನು. ಆಗ ಕ್ಲಚ್ ಪ್ಲೇಟ್ ಬಿಡುಗಡೆಯಾಗುತ್ತದೆ. ದಪ್ಪದ್ದೊಂದು, ಸಣ್ಣದೊಂದು ಸಿರಿಂಜಿಗೆ ನೀರು ತುಂಬಿ ಡ್ರಿಪ್ ಪೈಪಿನಿಂದ ಜೋಡಿಸಿದರೆ ಇದರ ಪೂರ್ತಿ ಮರ್ಮ ಕೈಗೆ ಸಿಗುತ್ತದೆ: ಸಣ್ಣದನ್ನು ಉದ್ದಕ್ಕೆ ಒತ್ತಿದರೆ ದಪ್ಪದ್ದು ಸ್ವಲ್ಪವೇ ಸರಿಯುತ್ತದೆ, ಆದರೆ ಹೆಚ್ಚು ಬಲದಿಂದ.

ಲೆಕ್ಕ ಮಾಡಿ ನೋಡೋಣ. ಮಾಸ್ಟರ್‌ನ ಒಳವ್ಯಾಸ ಮುಕ್ಕಾಲು ಇಂಚು, ಸ್ಲೇವ್‌ನದು ಒಂದೂಕಾಲು ಇಂಚು ಎಂದಿಟ್ಟುಕೊಳ್ಳಿ. ವಿಸ್ತೀರ್ಣದ ಅನುಪಾತ 2.78. ಪೆಡಲ್ 150 ಮಿ.ಮೀ. ಚಲಿಸಿ, ಸನ್ನೆಯ ಅನುಪಾತ ಐದಕ್ಕೆ ಒಂದಾದರೆ ಮಾಸ್ಟರ್‌ನ ಪುಶ್‌ರಾಡ್ 30 ಮಿ.ಮೀ. ಸರಿಯುತ್ತದೆ. ಶುರುವಿನ ಸಡಿಲಿಕೆಗೆ 2 ಮಿ.ಮೀ. ಕಳೆಯಿರಿ, ಉಳಿದದ್ದು 28. ಅದನ್ನು 2.78ರಿಂದ ಭಾಗಿಸಿದರೆ ಸ್ಲೇವ್‌ನ ರಾಡ್ ಸರಿಯಬೇಕಾದದ್ದು ಸುಮಾರು 10 ಮಿ.ಮೀ. ಬಲದ ಲೆಕ್ಕ ಇದಕ್ಕೆ ತಿರುವು ಮುರುವು. ಕಾಲಿನಲ್ಲಿ 12 ಕಿಲೋ ಭಾರ ಹಾಕಿದರೆ ಸ್ಲೇವ್ ತುದಿಯಲ್ಲಿ ಸುಮಾರು 165 ಕಿಲೋ ಸಿಗುತ್ತದೆ.

ಈ ಇಡೀ ಕೆಲಸದಲ್ಲಿ ಅಲ್ಲಿಂದಿಲ್ಲಿಗೆ ಸರಿಯುವ ಎಣ್ಣೆ ಎಷ್ಟು? ಬರೀ 8 ಮಿಲಿಲೀಟರ್, ಎರಡು ಟೀ ಚಮಚಕ್ಕೂ ಕಡಿಮೆ. ಈ ಸಂಖ್ಯೆಯನ್ನು ನೆನಪಿಟ್ಟುಕೊಂಡರೆ ಮುಂದಿನದೆಲ್ಲ ಸುಲಭ. ಪೈಪಿನಲ್ಲಿ ಒಂದೇ ಒಂದು ಮಿಲಿಲೀಟರ್ ಗಾಳಿ ಸೇರಿಕೊಂಡಿದ್ದರೆ ಆ ಒತ್ತಡದಲ್ಲಿ ಅದು ಹೆಚ್ಚುಕಡಿಮೆ ಪೂರ್ತಿ ಕುಗ್ಗುತ್ತದೆ, ಸ್ಲೇವ್‌ನ 10 ಮಿ.ಮೀ.ನಲ್ಲಿ 1.2 ಮಿ.ಮೀ. ಮಾಯವಾಗುತ್ತದೆ. ಎರಡು ಮಿಲಿಲೀಟರ್ ಸೇರಿದರೆ ಕಾಲು ಭಾಗವೇ ಹೋಯಿತು. ಬ್ರೇಕಿನಲ್ಲಾದರೆ ಪೆಡಲಿನಲ್ಲಿ ಸ್ವಲ್ಪ ಉಳಿಕೆ ಇರುತ್ತದೆ; ಕ್ಲಚ್ಚಿಗೆ ಅದಿಲ್ಲ. ಕ್ಲಚ್ ಪ್ಲೇಟ್ ಬಿಡಿಸಿಕೊಳ್ಳಲು ಬೇಕಾದ ಕೊನೆಯ ಎರಡು ಮಿಲಿಮೀಟರ್ ಸಿಗದಿದ್ದರೆ ಗೇರು ಬೀಳುವುದಿಲ್ಲ.

ಜಾರುವುದೋ, ಬಿಡದಿರುವುದೋ

ಕ್ಲಚ್ಚಿನ ಮುಖ್ಯ ಕಾಯಿಲೆಗಳು ಎರಡು. ಒಂದು, ಪೆಡಲ್ ಬಿಟ್ಟ ಮೇಲೂ ಪೂರ್ತಿ ಹಿಡಿಯದೆ ಜಾರುವುದು: ನಂದಿಬೆಟ್ಟದ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಕೂಗುತ್ತದೆ, ಕಾರಿನ ವೇಗ ಏರುವುದಿಲ್ಲ. ಇನ್ನೊಂದು, ಪೆಡಲ್ ಒತ್ತಿದರೂ ಬಿಡದಿರುವುದು: ಗೇರು ಕರ್ರೆನ್ನುತ್ತದೆ, ಸಿಗ್ನಲ್ಲಿನಲ್ಲಿ ಕಾರು ಮುಂದಕ್ಕೆ ಜಗ್ಗುತ್ತದೆ. ಜಾರುವಿಕೆಗೆ ಹೆಚ್ಚಿನ ಸಲ ಕಾರಣ ಸವೆದ ಕ್ಲಚ್ ಪ್ಲೇಟು, ಇಲ್ಲವೇ ಎಂಜಿನ್ ಆಯಿಲ್ ಸೀಲ್ ಸೋರಿ ಪ್ಲೇಟಿಗೆ ಎಣ್ಣೆ ಹತ್ತಿರುವುದು. ಆ ಕೆಲಸಕ್ಕೆ ಗೇರ್‌ಬಾಕ್ಸ್ ಇಳಿಸದೆ ಗತಿಯಿಲ್ಲ. ಬಿಡದಿರುವ ಕಾಯಿಲೆಗೆ ಮಾತ್ರ ಮೊದಲ ಅನುಮಾನ ಹೈಡ್ರಾಲಿಕ್ ಮೇಲೆ.

ಇದಕ್ಕೊಂದು ಅಪವಾದವಿದೆ, ಅದೂ ಬೆಂಗಳೂರಿನ ಟ್ರಾಫಿಕ್ಕಿನಲ್ಲೇ ಹೆಚ್ಚಾಗಿ ಕಾಣುವಂಥದ್ದು. ಬೆಳಿಗ್ಗೆ ಚೆನ್ನಾಗಿದ್ದ ಕಾರು ಸಿಲ್ಕ್ ಬೋರ್ಡಿನಲ್ಲೋ ಗೊರಗುಂಟೆಪಾಳ್ಯದಲ್ಲೋ ಅರ್ಧ ಗಂಟೆ ತೆವಳಿದ ಮೇಲೆ ಜಾರಲು ಶುರುಮಾಡುತ್ತದೆ. ತಣ್ಣಗಾದ ಮೇಲೆ ಮತ್ತೆ ಸರಿ. ಪೆಡಲ್ ಪೂರ್ತಿ ಬಿಟ್ಟಾಗ ಮಾಸ್ಟರ್ ಸಿಲಿಂಡರಿನ ಎಣ್ಣೆಗೆ ಅದರ ಮೇಲಿರುವ ಎಣ್ಣೆ ಡಬ್ಬಿಗೆ ಮರಳುವ ದಾರಿ ತೆರೆದಿರಬೇಕು. ಹಲವು ಕಾರುಗಳಲ್ಲಿ ಅದು ಸೂಜಿ ಮೊನೆಯಷ್ಟು ಸಣ್ಣ ತೂತು, ಕೆಲವದರಲ್ಲಿ ಒಂದು ಪುಟ್ಟ ವಾಲ್ವ್. ಎಂಜಿನ್ ಶಾಖಕ್ಕೆ ಹಿಗ್ಗಿದ ಎಣ್ಣೆ ಹೊರಹೋಗುವುದು ಅಲ್ಲಿಂದಲೇ. ತೂತು ಕೆಸರಿನಿಂದ ಕಟ್ಟಿದ್ದರೆ, ಅಥವಾ ಪುಶ್‌ರಾಡಿಗೆ ಕೂದಲೆಳೆಯಷ್ಟೂ ಸಡಿಲಿಕೆ ಇಲ್ಲದೆ ಪಿಸ್ಟನ್ ಪೂರ್ತಿ ಹಿಂದೆ ಬರದಿದ್ದರೆ, ಹಿಗ್ಗಿದ ಎಣ್ಣೆ ಸ್ಲೇವನ್ನೇ ಒತ್ತುತ್ತದೆ. ಯಾರೂ ಪೆಡಲ್ ಮೇಲೆ ಕಾಲಿಡದೆಯೂ ಕ್ಲಚ್ ಅರ್ಧ ಒತ್ತಿದಂತಾಗುತ್ತದೆ. ಹಳೆಯ ಹೋಸಿನ ಒಳಪದರ ಕುಸಿದಿದ್ದರೂ ಇದೇ ಗತಿ: ಒತ್ತಿದ ಎಣ್ಣೆ ಹೋಗುತ್ತದೆ, ಬೇಗ ಹಿಂದಿರುಗುವುದಿಲ್ಲ. ಪರೀಕ್ಷೆ ಸುಲಭ. ಜಾರುತ್ತಿರುವಾಗಲೇ ಗಾಡಿ ಬದಿಗೆ ಹಾಕಿ, ಗಾಳಿ ತೆಗೆಯಲೆಂದು ಸ್ಲೇವ್‌ನಲ್ಲಿರುವ ಬ್ಲೀಡ್ ನಿಪ್ಪಲನ್ನು ಅರ್ಧ ಸುತ್ತು ಸಡಿಲಿಸಿ. ಎಣ್ಣೆ ಚಿಮ್ಮಿ ಬಂದು ಕ್ಲಚ್ ಮತ್ತೆ ಹಿಡಿದರೆ ಪ್ಲೇಟಿನ ತಪ್ಪೇನೂ ಇಲ್ಲ. ಎಣ್ಣೆ ಬಿಸಿ ಇರುತ್ತದೆ, ಕನ್ನಡಕ ಹಾಕಿಕೊಂಡು ಮಾಡಿ.

ಇನ್ನು ಬಿಡದಿರುವ ಕಾಯಿಲೆ. ಎಂಜಿನ್ ಆಫ್ ಮಾಡಿ ಪೆಡಲನ್ನು ಒಂದು ಸಲ ನಿಧಾನವಾಗಿ ಒತ್ತಿ ನೋಡಿ, ಆಮೇಲೆ ಐದಾರು ಸಲ ಬೇಗ ಬೇಗ ಪಂಪ್ ಮಾಡಿ. ಪಂಪ್ ಮಾಡಿದ ಮೇಲೆ ಪೆಡಲ್ ಗಟ್ಟಿಯಾಗಿ, ಸ್ವಲ್ಪ ಹೊತ್ತಿಗೆ ಮತ್ತೆ ಮೆತ್ತಗಾದರೆ ಒಳಗೆ ಗಾಳಿ ಇದೆ, ಅಥವಾ ಸೀಲ್ ಸವೆದಿದೆ. ಎಂಜಿನ್ ಬಿಸಿಯಾದಾಗ ಮಾತ್ರ ಮೆತ್ತಗಾಗಿ ಬೆಳಿಗ್ಗೆ ಸರಿ ಇದ್ದರೆ ಎಣ್ಣೆಯಲ್ಲಿ ನೀರು ಸೇರಿರುವ ಸಾಧ್ಯತೆ ಹೆಚ್ಚು.

ಮಾಸ್ಟರ್ ಸಿಲಿಂಡರಿನ ಒಳಸೋರಿಕೆ ಎಲ್ಲರನ್ನೂ ಏಮಾರಿಸುವ ದೋಷ. ಹೊರಗೆ ಒಂದು ಹನಿಯೂ ಕಾಣುವುದಿಲ್ಲ, ಡಬ್ಬಿಯ ಎಣ್ಣೆ ಇಳಿಯುವುದಿಲ್ಲ, ಆದರೂ ಕ್ಲಚ್ ಬಿಡುವುದಿಲ್ಲ. ಪಿಸ್ಟನ್ನಿನ ಸೀಲ್ ಸವೆದು ಎಣ್ಣೆ ಅದರ ಅಂಚಿನಿಂದ ನುಸುಳಿ ಹಿಂದಕ್ಕೆ, ಡಬ್ಬಿಗೇ ವಾಪಸ್ ಹೋಗುತ್ತಿರುತ್ತದೆ. ಇದನ್ನು ಹಿಡಿಯಲು ಸಮತಟ್ಟು ಜಾಗದಲ್ಲಿ ಎಂಜಿನ್ ಐಡಲ್‌ನಲ್ಲಿಟ್ಟು, ಬ್ರೇಕ್ ಹಿಡಿದು, ಫಸ್ಟ್ ಗೇರಿನಲ್ಲಿ ಕ್ಲಚ್ಚನ್ನು ನೆಲದವರೆಗೆ ಒತ್ತಿ ಅಲ್ಲೇ ಇಟ್ಟುಕೊಳ್ಳಿ. ಅರ್ಧ ನಿಮಿಷದೊಳಗೆ ಕಾಲು ಅಲುಗಾಡಿಸದಿದ್ದರೂ ಕಾರು ಮೆಲ್ಲಗೆ ಮುಂದಕ್ಕೆ ಎಳೆಯತೊಡಗಿದರೆ ಒತ್ತಡ ಎಲ್ಲೋ ಕಳೆದುಹೋಗುತ್ತಿದೆ. ಹೊರಗೆ ಸೋರಿಕೆ ಇಲ್ಲದಿದ್ದರೆ ಮಾಸ್ಟರ್‌ನ ಸೀಲೇ ಅಪರಾಧಿ. ಟ್ರಾಫಿಕ್ಕಿನಲ್ಲಿ ಕಾದು ನಿಂತಾಗ ಗೇರು ಕಚ್ಚುತ್ತದೆ, ಓಡುವಾಗ ಮಾತ್ರ ಸರಿ ಎನ್ನುವ ದೂರು ಬಂದರೆ ಇದೇ ಎಂದು ಕಣ್ಣುಮುಚ್ಚಿ ಹೇಳಬಹುದು.

ಹೊರಸೋರಿಕೆಗೆ ಮೂರು ಜಾಗ ನೋಡಿ. ಡ್ಯಾಶ್‌ಬೋರ್ಡಿನ ಕೆಳಗೆ ತಲೆಹಾಕಿ ಪುಶ್‌ರಾಡ್ ಮಾಸ್ಟರ್‌ನೊಳಗೆ ಹೋಗುವ ಕಡೆ ಬೆರಳಾಡಿಸಿ. ಜಿಡ್ಡು ಹತ್ತಿದರೆ, ಕಾರ್ಪೆಟ್ ಒದ್ದೆಯಾಗಿದ್ದರೆ, ಅಲ್ಲಿ ಬಣ್ಣ ಸುಕ್ಕುಗಟ್ಟಿ ಸುಲಿದಿದ್ದರೆ ಮಾಸ್ಟರ್‌ನ ಹಿಂದಿನ ಸೀಲ್ ಹೋಗಿದೆ. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ, ಹಾಗಾಗಿ ಸುಲಿದ ಬಣ್ಣವೇ ಒಳ್ಳೆಯ ಸಾಕ್ಷಿ. ಎರಡನೆಯದು ಸ್ಲೇವ್‌ನ ರಬ್ಬರ್ ಬೂಟು. ಅದನ್ನು ಮೆಲ್ಲಗೆ ಮಗುಚಿ ನೋಡಿ, ಒಳಗೆ ಎಣ್ಣೆ ನಿಂತಿದ್ದರೆ ಸ್ಲೇವ್ ಬಿಚ್ಚಬೇಕು. ಮೂರನೆಯದು ಹೋಸು: ಇನ್ನೊಬ್ಬರು ಪೆಡಲ್ ಒತ್ತುವಾಗ ಅದನ್ನು ಮುಷ್ಟಿಯಲ್ಲಿ ಹಿಡಿದಿರಿ. ಉಬ್ಬುವುದು ಕೈಗೆ ಗೊತ್ತಾದರೆ ಬದಲಾಯಿಸಿ, ಯೋಚಿಸುವುದೇ ಬೇಡ.

ಸ್ಕೇಲ್ ಹೇಳುವ ಸತ್ಯ

ಸೋರಿಕೆ ಕಾಣಲಿ ಬಿಡಲಿ, ಮುಂದಿನ ಹೆಜ್ಜೆ ಅಳತೆ. ಕಾರನ್ನು ಜ್ಯಾಕ್ ಮೇಲೆ ಮಾತ್ರ ನಂಬಿ ಕೆಳಗೆ ನುಸುಳಬೇಡಿ. ಗಟ್ಟಿ ಸ್ಟ್ಯಾಂಡ್ ಕೊಟ್ಟು, ಚಕ್ರಕ್ಕೆ ಕಲ್ಲಿಟ್ಟು, ಎಂಜಿನ್ ಆಫ್ ಮಾಡಿ ಇಳಿಯಿರಿ. ಸ್ಲೇವ್‌ನ ರಾಡ್ ಪಕ್ಕದಲ್ಲಿ ಸ್ಟೀಲ್ ಸ್ಕೇಲ್ ಹಿಡಿದು, ಮೇಲಿದ್ದವರಿಗೆ ಪೆಡಲ್ ಪೂರ್ತಿ ಒತ್ತಲು ಹೇಳಿ, ರಾಡ್ ಎಷ್ಟು ಸರಿಯಿತು ಎಂದು ಓದಿ.

ಲೆಕ್ಕದ ಪ್ರಕಾರ 10 ಮಿ.ಮೀ. ಬರಬೇಕಾದ ಕಡೆ 6 ಬಂದರೆ ದೋಷ ಹೈಡ್ರಾಲಿಕ್‌ನಲ್ಲಿ ಅಥವಾ ಪೆಡಲಿನಲ್ಲಿ. ಗೇರ್‌ಬಾಕ್ಸ್ ಇಳಿಸುವ ಮಾತೇ ಇಲ್ಲ. 10 ಪೂರ್ತಿ ಬಂದೂ ಗೇರು ಬೀಳದಿದ್ದರೆ ದೋಷ ಒಳಗಿದೆ: ಫೋರ್ಕು ಕೂರುವ ಬುಷ್ ಸವೆದಿರಬಹುದು, ರಿಲೀಸ್ ಬೇರಿಂಗ್ ಹೋಗಿರಬಹುದು, ಪ್ರೆಶರ್ ಪ್ಲೇಟಿನ ಬೆರಳುಗಳು ಮುರಿದಿರಬಹುದು. ತಿಂಗಳುಗಟ್ಟಲೆ ನಿಂತ ಕಾರಾದರೆ ಇನ್ನೊಂದು ಸಾಧ್ಯತೆ: ಕ್ಲಚ್ ಪ್ಲೇಟ್ ಫ್ಲೈವೀಲಿಗೆ ತುಕ್ಕಿನಿಂದ ಅಂಟಿಕೊಂಡಿರುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾಗಲು ಬಿಟ್ಟು, ನಿಲ್ಲಿಸಿ, ಜನರಿಲ್ಲದ ವಿಶಾಲ ಜಾಗದಲ್ಲಿ ಗೇರ್ ಹಾಕಿ, ಕ್ಲಚ್ಚನ್ನೂ ಬ್ರೇಕನ್ನೂ ಒತ್ತಿ ಹಿಡಿದು ಸ್ಟಾರ್ಟ್ ಮಾಡಿದರೆ ಎಷ್ಟೋ ಸಲ ಅದು ಕಳಚಿಕೊಳ್ಳುತ್ತದೆ. ಬೇಸ್‌ಮೆಂಟಿನ ಕಂಬಗಳ ನಡುವೆ ಇದನ್ನು ಮಾಡಲೇಬೇಡಿ.

ಅಳತೆ ಕಡಿಮೆ ಬಂದಾಗ ಎಲ್ಲರೂ ಸಿಲಿಂಡರಿಗೆ ಕೈಹಾಕುತ್ತಾರೆ. ಅದಕ್ಕೂ ಮೊದಲು ಪೆಡಲನ್ನೂ ಪುಶ್‌ರಾಡನ್ನೂ ಜೋಡಿಸುವ ಪಿನ್ನನ್ನು ಬಿಚ್ಚಿ ಕೈಯಲ್ಲಿಟ್ಟುಕೊಂಡು ನೋಡಿ. ಐವತ್ತು ವರ್ಷ ಒಂದೇ ಕಡೆ ಒತ್ತಿಸಿಕೊಂಡ ಪಿನ್ನಿನ ನಡುವೆ ಸೊಂಟದಂತೆ ತೆಗ್ಗು ಬಿದ್ದಿರುತ್ತದೆ, ಪೆಡಲಿನ ದುಂಡು ತೂತು ಮೊಟ್ಟೆಯಾಕಾರಕ್ಕೆ ತಿರುಗಿರುತ್ತದೆ. ಎರಡೂ ಸೇರಿ 3 ಮಿ.ಮೀ. ಸಡಿಲವಾದರೆ ಪಾದದ ಕಡೆ 15 ಮಿ.ಮೀ. ಖಾಲಿ ಓಡಾಟ, ಸ್ಲೇವ್ ಕಡೆ ಒಂದು ಮಿಲಿಮೀಟರಿಗಿಂತ ಹೆಚ್ಚು ನಷ್ಟ. ಇಡೀ ವ್ಯವಸ್ಥೆಯಲ್ಲಿ ಇಷ್ಟು ಅಗ್ಗದ ರಿಪೇರಿ ಇನ್ನೊಂದಿಲ್ಲ. ಪೀಣ್ಯದ ಯಾವ ಲೇತ್ ಅಂಗಡಿಯಲ್ಲಾದರೂ ಒಳ್ಳೆಯ ಉಕ್ಕಿನ ಪಿನ್ ಮಾಡಿಸಬಹುದು, ಪೆಡಲಿನ ತೂತಿಗೆ ವೆಲ್ಡಿಂಗ್ ತುಂಬಿಸಿ ಮತ್ತೆ ಕೊರೆಸಬಹುದು. ಬ್ರಿಟಿಷ್ ಕಾರಿಗೆ ಇಂಚಿನ ಅಳತೆ ಎಂಬುದನ್ನು ಮಾತ್ರ ಮರೆಯಬೇಡಿ. ವರ್ನಿಯರ್ ಹಿಡಿದು ಅಳೆದ ಅಂಕಿಯನ್ನೇ ಬರೆದು ಕೊಡಿ, "ಎಂಟರ ಪಿನ್" ಎಂದು ಬಾಯಲ್ಲಿ ಹೇಳಿ ಬರಬೇಡಿ.

ಪೈಪಿನ ನಟ್ಟುಗಳಲ್ಲಿ ಈ ಇಂಚು-ಮಿಲಿಮೀಟರ್ ಗೊಂದಲ ಇನ್ನೂ ಅಪಾಯಕಾರಿ. 3/8 ಇಂಚಿನ ಯುಎನ್‌ಎಫ್ ಎಳೆಯಲ್ಲಿ ಇಂಚಿಗೆ 24 ಸುತ್ತು, ಅಂದರೆ ಸುತ್ತಿಗೆ 1.06 ಮಿ.ಮೀ. ಈಗಿನ ಕಾರುಗಳ ಬ್ರೇಕ್ ಪೈಪಿನ ಸಾಮಾನ್ಯ ಎಳೆ 10 ಮಿ.ಮೀ. ವ್ಯಾಸ, ಸುತ್ತಿಗೆ 1 ಮಿ.ಮೀ. ಎರಡೂ ಎಷ್ಟು ಹತ್ತಿರವೆಂದರೆ ಇಂಚಿನ ನಟ್ಟು ಮಿಲಿಮೀಟರಿನ ತೂತಿನೊಳಗೆ ಸಲೀಸಾಗಿ ಹೋಗುತ್ತದೆ, ಬಿಗಿಯಾದಂತೆಯೂ ಅನ್ನಿಸುತ್ತದೆ, ಒತ್ತಡ ಬಿದ್ದ ದಿನ ಸೋರುತ್ತದೆ. ಜೆಸಿ ರಸ್ತೆಗೆ ಬಿಡಿಭಾಗ ತರಲು ಹೋಗುವಾಗ ಹಳೆಯ ನಟ್ಟನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಅಂಗಡಿಯಲ್ಲೇ ಪಕ್ಕದಲ್ಲಿಟ್ಟು ಎಳೆ ಹೊಂದಿಸಿ ನೋಡಿ.

ಪೀಣ್ಯದ ಸೀಲು, ಕಾರಿನ ಸೀಲು

ಹೈಡ್ರಾಲಿಕ್ಸ್ ಎನ್ನುವುದು ಬೆಂಗಳೂರಿನ ಹೊರವಲಯಕ್ಕೆ ಹೊಸದೇನೂ ಅಲ್ಲ. ವೈಟ್‌ಫೀಲ್ಡಿನಲ್ಲಿ ಜಪಾನಿನ ಸಹಯೋಗದೊಂದಿಗೆ ಯುಕೆನ್ ಇಂಡಿಯಾ 1970ರ ದಶಕದಲ್ಲೇ ಪಂಪು, ವಾಲ್ವುಗಳನ್ನು ಮಾಡತೊಡಗಿತ್ತು. ಪೀಣ್ಯದಲ್ಲಿ ವಿಪ್ರೋ ಸಂಸ್ಥೆ ಮಣ್ಣು ತೆಗೆಯುವ ಯಂತ್ರಗಳಿಗೆ ಸಿಲಿಂಡರ್ ತಯಾರಿಸುತ್ತ ಬಂದಿದೆ. ಅವುಗಳ ಸುತ್ತ ಸೀಲ್ ಮಾರುವವರು, ಹೋಸ್ ಕ್ರಿಂಪ್ ಮಾಡುವವರು, ಬೋರ್ ಹೋನ್ ಮಾಡುವವರು ಗಲ್ಲಿ ಗಲ್ಲಿಗೂ ಇದ್ದಾರೆ. ಹಳೆಯ ಕಾರು ಇಟ್ಟುಕೊಂಡವರಿಗೆ ಇದು ದೊಡ್ಡ ವರ. ಆದರೆ ಇದೇ ವರದೊಳಗೆ ಒಂದು ಅಪಾಯವಿದೆ. ಈ ಲೇಖನದಲ್ಲಿ ಒಂದೇ ಒಂದು ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಿ.

ಕಾರ್ಖಾನೆಯ ಹೈಡ್ರಾಲಿಕ್ ಯಂತ್ರಗಳಲ್ಲಿ ಹರಿಯುವುದು ಖನಿಜ ತೈಲ. ಅದಕ್ಕೆ ಹೊಂದುವ ಸೀಲ್ ನೈಟ್ರೈಲ್ ರಬ್ಬರಿನದು. ಕಾರಿನ ಕ್ಲಚ್ಚಿನಲ್ಲಿ ಇರುವುದು ಗ್ಲೈಕಾಲ್ ಮೂಲದ ಬ್ರೇಕ್ ದ್ರವ. ನಾವು ಆಯಿಲ್ ಎನ್ನುತ್ತೇವಾದರೂ ಅದು ತೈಲವೇ ಅಲ್ಲ. ಅದಕ್ಕೆ ಇಪಿಡಿಎಂ ರಬ್ಬರಿನ ಸೀಲ್ ಬೇಕು. ಪೀಣ್ಯದ ಕೌಂಟರಿನಲ್ಲಿ ನಿಮ್ಮ ಹಳೆಯ ಸೀಲ್ ತೋರಿಸಿದರೆ ಅದೇ ಅಳತೆಯ ಕರಿ ಸೀಲ್ ಥಟ್ಟನೆ ಸಿಗುತ್ತದೆ, ನೋಡಲು ಎರಡಕ್ಕೂ ವ್ಯತ್ಯಾಸವಿಲ್ಲ. ಅದು ನೈಟ್ರೈಲ್ ಆಗಿದ್ದರೆ ಬ್ರೇಕ್ ದ್ರವದಲ್ಲಿ ಉಬ್ಬಿ ಮೆತ್ತಗಾಗುತ್ತದೆ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ತಿರುವು ಮುರುವಾಗಿ, ಕ್ಲಚ್ ಡಬ್ಬಿಗೆ ಎಂಜಿನ್ ಆಯಿಲೋ ಪವರ್ ಸ್ಟೀರಿಂಗ್ ಆಯಿಲೋ ಸುರಿದರೆ ಕಾರಿನ ಸೀಲುಗಳೆಲ್ಲ ಉಬ್ಬುತ್ತವೆ. "ಅರ್ಜೆಂಟಿಗೆ ಸ್ವಲ್ಪ ಹಾಕಿದ್ದು" ಎಂಬ ಸಮಾಧಾನ ಇಲ್ಲಿ ನಡೆಯುವುದಿಲ್ಲ. ಹಾಗೆ ಆಗಿದ್ದರೆ ಪೈಪು ತೊಳೆದು, ಎಲ್ಲ ರಬ್ಬರು, ಹೋಸು ಹೊಸದು ಹಾಕುವುದೊಂದೇ ದಾರಿ. ಹಾಗಾಗಿ ಅಂಗಡಿಯಲ್ಲಿ "ಇಪಿಡಿಎಂ ಇದೆಯಾ, ಬ್ರೇಕ್ ಆಯಿಲಿಗೆ ಬೇಕು" ಎಂದೇ ಕೇಳಿ. ಅನುಮಾನ ಬಂದರೆ ಸೀಲಿನ ಅಳತೆ ತೆಗೆದು, ಮೂರು ನಾಲ್ಕು ದಿನ ಬ್ರೇಕ್ ದ್ರವದಲ್ಲಿ ಮುಳುಗಿಸಿಟ್ಟು ಮತ್ತೆ ಅಳೆಯಿರಿ. ಗಾತ್ರ ಎದ್ದು ಕಾಣುವಂತೆ ಬೆಳೆದಿದ್ದರೆ ಬಿಸಾಡಿ. ಬಿಚ್ಚಿದ ಸಿಲಿಂಡರನ್ನು ಪೆಟ್ರೋಲ್, ಸೀಮೆಎಣ್ಣೆಯಲ್ಲಿ ತೊಳೆಯುವ ಗ್ಯಾರೇಜಿನ ರೂಢಿಯನ್ನೂ ಇದೇ ಕಾರಣಕ್ಕೆ ತಡೆಯಬೇಕು. ಸ್ಪಿರಿಟ್ ಅಥವಾ ಹೊಸ ಬ್ರೇಕ್ ದ್ರವ ಸಾಕು.

ಹೊಸ ಸೀಲ್ ಕಿಟ್ ಹಾಕುವ ಮೊದಲು ಸಿಲಿಂಡರಿನ ಒಳಗೋಡೆಯನ್ನು ಟಾರ್ಚ್ ಹಾಕಿ ನೋಡಿ, ಉಗುರಾಡಿಸಿ. ಉಗುರಿಗೆ ತಡೆಯುವಷ್ಟು ಗುಳಿ ಬಿದ್ದಿದ್ದರೆ ಹೊಸ ಸೀಲ್ ಹೆಚ್ಚು ದಿನ ಬಾಳುವುದಿಲ್ಲ. ಮರಳು ಕಾಗದದಿಂದ ಉಜ್ಜಿ ಸರಿಮಾಡುತ್ತೇನೆ ಎನ್ನುವವರನ್ನು ನಂಬಬೇಡಿ; ಗುಳಿ ಹೋಗುವಷ್ಟು ಉಜ್ಜಿದರೆ ಒಳವ್ಯಾಸವೇ ಹಿಗ್ಗಿ ಸೀಲ್ ಸಡಿಲಾಗುತ್ತದೆ. ಹೊಸ ಸಿಲಿಂಡರ್ ಸಿಗುವ ಕಾರಿಗೆ ಹೊಸದನ್ನೇ ತರಿಸಿ. ಸಿಗದ ಕಾರಿಗೆ ಬೋರ್ ಮಾಡಿಸಿ ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ಸ್ಲೀವ್ ಕೂರಿಸಿ ಮೂಲ ಅಳತೆಗೆ ತರುವುದು ಒಳ್ಳೆಯ ದಾರಿ. ಹಾಗೆ ಮಾಡಿಸಿದಾಗ ಆ ಸೂಜಿಮೊನೆಯ ತೂತನ್ನು ಸ್ಲೀವಿನಲ್ಲೂ ಕೊರೆದು, ಅಂಚಿನ ಗರಿ ತೆಗೆದಿದ್ದಾರೆಯೇ ಎಂದು ನೋಡಿಕೊಳ್ಳಿ. ಗರಿ ಉಳಿದರೆ ಹೊಸ ಸೀಲನ್ನು ಮೊದಲ ದಿನವೇ ಕತ್ತರಿಸುತ್ತದೆ.

ಗುಳಿ ಬೀಳುವುದು ಯಾಕೆ? ಬ್ರೇಕ್ ದ್ರವ ಗಾಳಿಯ ತೇವವನ್ನು ಹೀರುತ್ತದೆ, ಆ ನೀರಿಗೆ ಒಳಗೋಡೆ ತುಕ್ಕು ಹಿಡಿಯುತ್ತದೆ. ಅದರಿಂದ ದ್ರವದ ಕುದಿಬಿಂದುವೂ ಇಳಿಯುತ್ತದೆ. ಡಾಟ್ 4 ದರ್ಜೆಯ ದ್ರವದ ಕುದಿಬಿಂದು ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕು, ಶೇ. 3.7ರಷ್ಟು ನೀರು ಸೇರಿದಾಗ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಇವು 205 ಮತ್ತು 140. ಸೈಲೆನ್ಸರ್ ಪೈಪಿನ ಹತ್ತಿರ ಕೂತ ಸ್ಲೇವ್‌ಗೆ ಈ ವ್ಯತ್ಯಾಸ ದೊಡ್ಡದು. ಕ್ಲಚ್ ಪೈಪು ಒಂದು ಕುರುಡು ಗಲ್ಲಿ ಬೇರೆ: ಅದೇ 8 ಮಿಲಿಲೀಟರ್ ಹಿಂದೆ ಮುಂದೆ ಓಡಾಡುತ್ತದೆಯೇ ಹೊರತು ದ್ರವ ಸುತ್ತಿ ಬರುವುದಿಲ್ಲ. ಸರ್ವಿಸಿನಲ್ಲಿ ಬ್ರೇಕ್ ಆಯಿಲ್ ಬದಲಾಯಿಸಿದೆವು ಎಂದಾಗ ನಾಲ್ಕು ಚಕ್ರದ ನಿಪ್ಪಲ್ ತೆರೆದಿರುತ್ತಾರೆ, ಕ್ಲಚ್ಚಿನ ಐದನೆಯ ನಿಪ್ಪಲ್ ಮುಟ್ಟಿರುವುದಿಲ್ಲ. ಅಲ್ಲಿ ಹತ್ತು ವರ್ಷದ ಕಪ್ಪು ದ್ರವ ಹಾಗೇ ಕೂತಿರುತ್ತದೆ. ಸಿಲಿಕೋನ್ ಮೂಲದ ಡಾಟ್ 5 ಬೇರೆಯೇ ಜಾತಿ, ಉಳಿದವುಗಳ ಜೊತೆ ಬೆರೆಸಬಾರದು. ಹೆಸರು ಹೋಲುವ ಡಾಟ್ 5.1 ಮಾತ್ರ ಗ್ಲೈಕಾಲ್ ಕುಟುಂಬದ್ದೇ.

ಕಾರಿಗೊಂದು ಸ್ವಭಾವ

ಟ್ರಯಂಫ್ ಸ್ಪಿಟ್‌ಫೈರ್ ಹೆರಾಲ್ಡ್ ಕಾರಿನ ಚಾಸಿಯನ್ನು ಗಿಡ್ಡ ಮಾಡಿ ಕಟ್ಟಿದ ಕಾರು. ಅದೇ ಹೆರಾಲ್ಡ್ 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಆಗಿ ತಯಾರಾಗಿ ನಮ್ಮ ಊರುಗಳಲ್ಲೆಲ್ಲ ಓಡಿತು. ಎರಡರಲ್ಲೂ ಹೈಡ್ರಾಲಿಕ್ ಕ್ಲಚ್. ಸಂತೋಷದ ವಿಷಯವೆಂದರೆ ಇವುಗಳ ಗೇರ್‌ಬಾಕ್ಸನ್ನು ಒಳಗಿನ ಟನಲ್ ಕವರ್ ಬಿಚ್ಚಿ ಕ್ಯಾಬಿನ್ ಮೂಲಕವೇ ತೆಗೆಯಬಹುದು, ಎಂಜಿನ್ ಎತ್ತಬೇಕಿಲ್ಲ. ಎಂಜಿಬಿಯ ರಿಲೀಸ್ ಬೇರಿಂಗ್‌ನಲ್ಲಿ ಗುಂಡುಗಳಿಲ್ಲ, ಅದೊಂದು ಗ್ರಾಫೈಟ್ ಬಿಲ್ಲೆ, ಉಜ್ಜಿಕೊಂಡೇ ಕೆಲಸ ಮಾಡುವಂಥದ್ದು. ಮಾರತಹಳ್ಳಿಯ ಜಾಮಿನಲ್ಲಿ ಗೇರಿನಲ್ಲಿಟ್ಟು ಕ್ಲಚ್ ಒತ್ತಿಕೊಂಡೇ ಕಾದರೆ ಅದು ಸವೆದು ಹೋಗುತ್ತದೆ. ನ್ಯೂಟ್ರಲ್‌ಗೆ ಹಾಕಿ ಕಾಲು ತೆಗೆಯುವ ಅಭ್ಯಾಸ ಆ ಕಾರಿಗೆ ಆಯುಸ್ಸು. 1967ಕ್ಕೆ ಮುಂಚಿನ ಎಂಜಿಬಿಗಳ ಫಸ್ಟ್ ಗೇರಿಗೆ ಸಿಂಕ್ರೋಮೆಶ್ ಇರಲಿಲ್ಲ. ಚಲಿಸುತ್ತಿರುವಾಗ ಫಸ್ಟ್ ಹಾಕಿದರೆ ಅದು ಕರ್ರೆನ್ನುವುದು ರೋಗವಲ್ಲ, ಹುಟ್ಟುಗುಣ.

2004ರಲ್ಲಿ ನಮ್ಮಲ್ಲಿಗೆ ಬಂದ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ ಕೂಡ ಈಗ ಹಳೆಯ ಕಾರೇ. ಐಟಿಯವರ ನಡುವೆ 1.8 ಲೀಟರ್ ಟರ್ಬೋದ ಆ ಕಾರಿಗೆ ಇಂದಿಗೂ ಅಭಿಮಾನಿಗಳಿದ್ದಾರೆ. ಅದರಲ್ಲಿ ಕ್ಲಚ್ಚಿಗೆ ಬೇರೆ ಡಬ್ಬಿಯಿಲ್ಲ, ಬ್ರೇಕಿನ ಡಬ್ಬಿಯಿಂದಲೇ ದ್ರವ. ಕ್ಲಚ್ಚಿನ ಕೊಳವೆ ಡಬ್ಬಿಯ ಪಕ್ಕದಲ್ಲಿ, ತಳಕ್ಕಿಂತ ಮೇಲೆ ಜೋಡಣೆಯಾಗಿದೆ. ದ್ರವ ಕಡಿಮೆಯಾದರೆ ಮೊದಲು ಕ್ಲಚ್ ಸೋಲಲಿ, ಬ್ರೇಕಿಗೆ ಪಾಲು ಉಳಿಯಲಿ ಎಂಬ ವಿವೇಕದ ಏರ್ಪಾಡು ಅದು. ಹಾಗಾಗಿ ಇಂಥ ಕಾರಿನಲ್ಲಿ ಕ್ಲಚ್ ಹಠಾತ್ತನೆ ಮೆತ್ತಗಾದರೆ ಬ್ರೇಕ್ ಸೋರುತ್ತಿದೆಯೇ ಎಂದು ಮೊದಲು ನೋಡಬೇಕು. ಅದರ ಸ್ಲೇವ್ ಗೇರ್‌ಬಾಕ್ಸಿನ ಹೊರಗಿದೆ, ಎರಡು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಬಿಚ್ಚಿಟ್ಟಾಗ ಯಾರೂ ಪೆಡಲ್ ಒತ್ತದಂತೆ ನೋಡಿಕೊಳ್ಳಿ, ಪಿಸ್ಟನ್ ಹೊರಗೆ ಹಾರುತ್ತದೆ. ಇನ್ನು ಕೆಲವು ಕಾರುಗಳಲ್ಲಿ ಸ್ಲೇವ್ ಬಳೆಯಾಕಾರದಲ್ಲಿ ಗೇರ್‌ಬಾಕ್ಸಿನ ಒಳಗೇ, ಬೇರಿಂಗಿಗೆ ಅಂಟಿಕೊಂಡಿರುತ್ತದೆ. ಅಲ್ಲಿ ಸ್ಕೇಲ್ ಹಿಡಿಯಲು ಜಾಗವಿಲ್ಲ. ಬೆಲ್ ಹೌಸಿಂಗಿನ ಕೆಳಗಿನ ಸಂದಿನಿಂದ ಬ್ರೇಕ್ ದ್ರವ ತೊಟ್ಟಿಕ್ಕಿದರೆ ಅಂಥ ಕಾರಿಗೆ ಗೇರ್‌ಬಾಕ್ಸ್ ಇಳಿಸುವ ಮಾತಿಗೆ ಒಪ್ಪಲೇಬೇಕು. ಇಳಿಸಿದ ಮೇಲೆ ಪ್ಲೇಟು, ಸ್ಲೇವು ಎರಡನ್ನೂ ಒಟ್ಟಿಗೆ ಬದಲಿಸುವುದೇ ಲೆಕ್ಕಾಚಾರ.

ಗಾಳಿ ತೆಗೆಯುವುದು

ರಿಪೇರಿ ಮುಗಿದ ಮೇಲೆ ಬ್ಲೀಡಿಂಗ್. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಕೆಳಗಿದ್ದವರು ನಿಪ್ಪಲ್ ತೆರೆದು ಮುಚ್ಚಬೇಕು, ಮುಚ್ಚಿದ ಮೇಲೆಯೇ ಪೆಡಲ್ ಬಿಡಬೇಕು. "ಒತ್ತಣ್ಣ... ಹಿಡ್ಕೊ... ಬಿಡು" ಎಂಬ ಮೂರು ಮಾತು ಸರಿಯಾಗಿ ಹೊಂದಿದರೆ ಹತ್ತು ನಿಮಿಷದ ಕೆಲಸ.

ಎಷ್ಟು ಬ್ಲೀಡ್ ಮಾಡಿದರೂ ಪೆಡಲ್ ಮೆತ್ತಗೇ ಇದ್ದರೆ ನಿಪ್ಪಲ್ ಇರುವ ಜಾಗ ನೋಡಿ. ಗಾಳಿ ಮೇಲಕ್ಕೇ ಏರುವುದು. ನಿಪ್ಪಲ್ ಸ್ಲೇವ್‌ನ ಅತ್ಯಂತ ಮೇಲಿನ ಬಿಂದುವಾಗಿಲ್ಲದಿದ್ದರೆ ಗುಳ್ಳೆ ಅದರ ಮೇಲೆ ಕೂತು ಹೊರಬರುವುದೇ ಇಲ್ಲ. ಸ್ಲೇವನ್ನು ಬೋಲ್ಟಿನಿಂದ ಬಿಡಿಸಿ, ಪಿಸ್ಟನ್ನನ್ನು ಪೂರ್ತಿ ಒಳಗೆ ಒತ್ತಿ ಕಟ್ಟಿ, ನಿಪ್ಪಲ್ ಮೇಲಾಗುವಂತೆ ಹಿಡಿದು ಬ್ಲೀಡ್ ಮಾಡಿ. ಅದಕ್ಕೂ ಬಗ್ಗದಿದ್ದರೆ ದೊಡ್ಡ ಸಿರಿಂಜಿನಿಂದ ನಿಪ್ಪಲ್ ಮೂಲಕ ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಹೊಸ ದ್ರವ ತಳ್ಳಿ. ಗಾಳಿ ತಾನು ಹೋಗಬೇಕೆಂದಿರುವ ದಿಕ್ಕಿಗೇ ಹೋಗುತ್ತದೆ. ಡಬ್ಬಿ ಉಕ್ಕದಂತೆ ಮೇಲೊಬ್ಬರು ನೋಡುತ್ತಿರಲಿ, ಬಣ್ಣದ ಮೇಲೆ ಬಿದ್ದರೆ ಕೂಡಲೇ ನೀರು ಸುರಿಯಿರಿ. ತೆಗೆದ ದ್ರವವನ್ನು ಮತ್ತೆ ಡಬ್ಬಿಗೆ ಸುರಿಯಬಾರದು. ತೆರೆದು ತಿಂಗಳುಗಟ್ಟಲೆ ಇಟ್ಟ ಬಾಟಲಿಯನ್ನೂ ಬಳಸಬಾರದು.

ಕೊನೆಯಲ್ಲಿ ಮತ್ತೊಮ್ಮೆ ಸ್ಕೇಲ್ ಹಿಡಿದು ಸ್ಲೇವ್ ಎಷ್ಟು ಸರಿಯುತ್ತದೆ ಎಂದು ಅಳೆದು, ಆ ಅಂಕಿಯನ್ನೂ ತಾರೀಖನ್ನೂ ಬಾನೆಟ್ ಒಳಗೆ ಒಂದು ಚೀಟಿ ಅಂಟಿಸಿ ಬರೆದಿಡಿ. ಮುಂದಿನ ಸಲ ದೂರು ಬಂದಾಗ ಹೋಲಿಸಿ ನೋಡಲು ಅದಕ್ಕಿಂತ ಒಳ್ಳೆಯ ಆಧಾರ ಬೇರೆ ಇಲ್ಲ. ಎರಡು ವರ್ಷಕ್ಕೊಮ್ಮೆ ದ್ರವ ಬದಲಿಸಿ, ಆ ಐದನೆಯ ನಿಪ್ಪಲನ್ನು ತೆರೆಯಲು ಬಾಯಿಬಿಟ್ಟು ಹೇಳಿ. ಕಾರು ಓಡಿಸಲು ಪುರುಸೊತ್ತಿಲ್ಲದ ವಾರಗಳಲ್ಲೂ ಒಮ್ಮೆ ಕೂತು ಹತ್ತಿಪ್ಪತ್ತು ಸಲ ಪೆಡಲ್ ಒತ್ತಿ. ಸೀಲುಗಳು ಒಂದೇ ಜಾಗದಲ್ಲಿ ಕಚ್ಚಿಕೊಳ್ಳುವುದು ತಪ್ಪುತ್ತದೆ. ತೆಗೆದ ಹಳೆಯ ದ್ರವವನ್ನು ಮುಚ್ಚಳವಿರುವ ಬಾಟಲಿಗೆ ತುಂಬಿ, ಹಳೆಯ ಆಯಿಲ್ ಸಂಗ್ರಹಿಸುವ ಗ್ಯಾರೇಜಿಗೆ ಪ್ರತ್ಯೇಕವಾಗಿ ಕೊಡಿ. ದಯವಿಟ್ಟು ಮೋರಿಗೆ ಸುರಿಯಬೇಡಿ. ವೈಟ್‌ಫೀಲ್ಡ್ ಕಡೆಯ ಮೋರಿಗಳ ನೀರು ರಾಜಕಾಲುವೆ ಹಿಡಿದು ವರ್ತೂರು ಕೆರೆಗೆ ಹೋಗುತ್ತದೆ.